ಪತ್ರಿಕೆಯ ಅಡಿಯಲ್ಲಿದ್ದ ಹೆಸರು

ನಾರ್‌ಶೋಪಿಂಗ್‌ನ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದ ಕಾಗದಗಳನ್ನೆಲ್ಲ ಓದುತ್ತಿದ್ದವಳು ನಾನೊಬ್ಬಳೇ. ಅಪ್ಪ ಊರಿನಲ್ಲಿ ಏಳನೆಯ ತರಗತಿಯವರೆಗೆ ಕಲಿತಿದ್ದ, ಕನ್ನಡ ಸರಾಗವಾಗಿ ಓದುತ್ತಿದ್ದ. ಆದರೆ ಸ್ವೀಡನ್ನಿನ ಅಂಚೆಯವನು ಕನ್ನಡದ ಕಾಗದ ತರುವುದಿಲ್ಲ. ಅಮ್ಮ ಶಾಲೆಗೆ ಹೋದವಳೇ ಅಲ್ಲ. ಎಂಟನೆಯ ವಯಸ್ಸಿಗೆ ಗೆರಸೆಯನ್ನು ಮಡಿಲಿಗೇರಿಸಿಕೊಂಡು ಬೀಡಿ ಕಟ್ಟಲು ಕೂತವಳು, ನನ್ನನ್ನು ಹೆರುವ ಹಿಂದಿನ ದಿನದವರೆಗೂ ಕಟ್ಟಿದಳಂತೆ. ಹಾಗಾಗಿ ಪುರಸಭೆಯ ಪತ್ರ, ಶಾಲೆಯ ಚೀಟಿ, ಬಸ್ಸಿನ ವೇಳೆ ಬದಲಾದ ಸೂಚನೆ, ಹಾಲಿನ ಪೊಟ್ಟಣದ ಬೆನ್ನಿನ ಬರಹ, ಎಲ್ಲವೂ ನನ್ನ ಬಾಯಿಂದಲೇ ಮನೆಯೊಳಗೆ ಬರಬೇಕಿತ್ತು. ಅಮ್ಮ ಈರುಳ್ಳಿ ಹೆಚ್ಚುತ್ತಾ "ಓದು, ನೋಡುವ" ಅನ್ನುತ್ತಿದ್ದಳು. ನಾನು ಸ್ವೀಡಿಷ್‌ನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಅಪ್ಪನ ಹತ್ತಿರ ತುಳು, ಶಾಲೆ ಕಲಿಯುವ ಮಗಳ ಹತ್ತಿರ ಕನ್ನಡ ಎಂಬುದು ಅವಳ ಹಠ. ಊರಿನಿಂದ ಯಾರಾದರೂ ಬಂದರೆ ಒಣಸಿಗಡಿ ಸುತ್ತಿ ತಂದ ಕನ್ನಡ ಪೇಪರಿನ ಹಾಳೆಗಳನ್ನೂ ಅಮ್ಮ ನೀವಿ ನೀವಿ ನೇರ ಮಾಡಿ ನನ್ನ ಮುಂದಿಡುತ್ತಿದ್ದಳು. ಸುದ್ದಿ ಅರ್ಧಕ್ಕೆ ಹರಿದಿರುತ್ತಿತ್ತು. ಕಳ್ಳ ಸಿಕ್ಕಿದನೋ ಇಲ್ಲವೋ ಎಂಬುದು ಊರಿನಲ್ಲೇ ಉಳಿದ ಇನ್ನೊಂದು ತುಂಡಿನಲ್ಲಿರುತ್ತಿತ್ತು. "ಸಿಕ್ಕಿರ್ತಾನೆ ಬಿಡು, ಓಡ್ಲಿಕ್ಕೆ ಎಲ್ಲಿ ಜಾಗ ಉಂಟು" ಎಂದು ಅಮ್ಮನೇ ಮುಗಿಸುತ್ತಿದ್ದಳು.

ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಪದವಿ ಪಡೆದವಳು ನಾನೇ ಮೊದಲು. ಈ ಮಾತನ್ನು ನಾನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ. ಅದಕ್ಕಾಗಿ ಅಪ್ಪ ಎಷ್ಟು ವರ್ಷ ಹೋಟೆಲಿನ ತಂದೂರಿ ಒಲೆಯ ಮುಂದೆ ಮುಂಗೈ ಸುಟ್ಟುಕೊಂಡ ಎಂಬುದು ನನಗೆ ಗೊತ್ತು. ಆದರೆ ಓದಿನ ಗರ್ವ ನನ್ನ ತಲೆಗೇರಿದ್ದು ಪದವಿ ಸಿಕ್ಕಾಗ ಅಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ. ಆ ವರ್ಷ ಅದು ಮಾಡಿದ ಕೆಲಸವನ್ನು ಬರೆಯದೆ ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ.

ಮನೆ ಹಳದಿ ಬಣ್ಣದ ಮರದ ಮನೆ. ಮೇಲೆ ನಾವು, ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಕೆಳಗೆ ಮನೆಯೊಡತಿ ಹೆಲ್ಮಿ, ಎಂಬತ್ತರ ಹತ್ತಿರದ ಒಂಟಿ ಮುದುಕಿ. ನಡುವೆ ಒಂದೇ ಮೆಟ್ಟಿಲು, ಹಾಗಾಗಿ ಒಬ್ಬರ ಒಲೆಯ ವಾಸನೆ ಇನ್ನೊಬ್ಬರ ಮನೆಗೆ ಅಪ್ಪಣೆ ಕೇಳದೇ ನುಗ್ಗುತ್ತಿತ್ತು. ಅದಕ್ಕೂ ಮೊದಲಿನ ಮನೆಯನ್ನು ನಾವು ಬಿಡಬೇಕಾಗಿ ಬಂದದ್ದೇ ಮೀನು ಹುರಿಯುವ ವಾಸನೆಗೆ. ಇಲ್ಲಿಗೆ ಬಂದ ವಾರ ಅಮ್ಮ ಕಿಟಕಿಗೆ ಬಟ್ಟೆ ಕಟ್ಟಿ, ಬಾಗಿಲ ಸಂದಿಗೆ ಟವೆಲು ತುರುಕಿ, ಸ್ಟ್ರೋಮಿಂಗ್ ಎಂಬ ಇಲ್ಲಿಯ ಸಣ್ಣ ಮೀನಿಗೆ ಮೆಣಸಿನ ಮಸಾಲೆ ಸವರಿ ಕಾವಲಿಗೆ ಹಾಕಿದ್ದಳು. ಬಾಗಿಲು ಬಡಿದ ಸದ್ದು. ಅಮ್ಮನ ಮುಖ ಬಿಳುಚಿತು. ಹೆಲ್ಮಿ ಒಳಗೆ ಬಂದವರೇ ಕಾವಲಿಯ ಮೇಲೆ ಬಗ್ಗಿ ಮೂಸಿದರು, ಕೈಯಲ್ಲೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮುಳ್ಳು ಉಗುಳದೆ ಇಡೀ ಮೀನು ತಿಂದರು. ಅಮ್ಮ ನನ್ನ ಕಡೆ ತಿರುಗಿ ಹೇಳಿದಳು:

"ಇವರು ಕಡಲ ಬದಿಯವರೇ ಮಾರಾಯ್ತಿ. ನೋಡು, ಮುಳ್ಳು ಸಮೇತ ತಿಂದ್ರು."

ಅಮ್ಮ ಹೇಳಿದ್ದು ಸರಿಯಾಗಿತ್ತು. ಹೆಲ್ಮಿ ಎಸ್ಟೋನಿಯಾದ ಪಡುವಣ ಬದಿಯ ಒಂದು ದ್ವೀಪದವರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ತಾಯಿಯ ಜೊತೆ ದೋಣಿಯಲ್ಲಿ ಬಾಲ್ಟಿಕ್ ಸಮುದ್ರ ದಾಟಿ ಬಂದು ಇಲ್ಲಿಯ ಬಟ್ಟೆಗಿರಣಿಯಲ್ಲಿ ಕೆಲಸ ಮಾಡಿ ಮುದುಕಿಯಾದವರು. ನಾನು ಇಲ್ಲಿಯವರ ಹಾಗೆ ಅವರನ್ನು ಹೆಲ್ಮಿ ಎಂದೇ ಕರೆಯುತ್ತಿದ್ದೆ. ಅಮ್ಮನಿಗೆ ಅದು ಸೇರುತ್ತಿರಲಿಲ್ಲ. "ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೀತಿ, ನಾಲಿಗೆ ಬೀಳುದಿಲ್ವಾ?" ಅವಳು ಮೊದಲ ದಿನದಿಂದ ಹೆಲ್ಮಿಯಮ್ಮ ಎಂದಳು. ಅವರು ಅಮ್ಮನನ್ನು ಗುಲಾಬಿ ಎಂದು, ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಉಸಿರು ಕೊಟ್ಟು ಕರೆಯುತ್ತಿದ್ದರು.

ಹೆಲ್ಮಿ ಒಂದು ಪತ್ರಿಕೆ ಹೊರತರುತ್ತಿದ್ದರು. ತಮ್ಮ ದ್ವೀಪದಿಂದ ಓಡಿಬಂದು ಸ್ವೀಡನ್ನಿನ ಉದ್ದಗಲಕ್ಕೆ ಚದುರಿಹೋದವರಿಗೆ ತಿಂಗಳಿಗೊಮ್ಮೆ ಹೋಗುವ ಎಂಟು ಪುಟದ ಸಣ್ಣ ಪತ್ರಿಕೆ. ಯಾರು ತೀರಿಕೊಂಡರು, ಯಾರಿಗೆ ತೊಂಬತ್ತು ತುಂಬಿತು, ದ್ವೀಪದ ಯಾವ ದಾರಿಯಲ್ಲಿ ಯಾವ ಮರವಿತ್ತು ಎಂಬ ನೆನಪು, ಹೀಗೆ. ಕೊನೆಯ ಪುಟ ಮಾತ್ರ ಸ್ವೀಡಿಷ್‌ನಲ್ಲಿ, ತಾಯ್ನುಡಿ ಓದಲು ಬಾರದ ಮಕ್ಕಳಿಗಾಗಿ. ಮೊದಮೊದಲು ಚೀಲಗಟ್ಟಲೆ ಅಂಚೆಗೆ ಹೋಗುತ್ತಿದ್ದದ್ದು ನಾವು ನೋಡುವ ಹೊತ್ತಿಗೆ ಒಂದು ಕೈಚೀಲಕ್ಕೆ ಇಳಿದಿತ್ತು. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಅಮ್ಮ ಯಾವುದೋ ಬೋಗುಣಿ ಹಿಂದಿರುಗಿಸಲು ಕೆಳಗೆ ಹೋದಾಗ ಹೆಲ್ಮಿ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ನಡುಗುವ ಕೈಯಲ್ಲಿ ಮಡಚುತ್ತಿದ್ದರು. ಅಮ್ಮ ಎರಡು ನಿಮಿಷ ನಿಂತು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಬೀಡಿ ಎಲೆ ತಿರುವಿದ ಬೆರಳು. ಹಾಳೆ ಕೈಗೆ ಬಂದದ್ದೂ ತಿಳಿಯದು, ಮಡಚಿ ಬಿದ್ದದ್ದೂ ತಿಳಿಯದು. ಬೀಡಿಯ ಬಾಯಿ ಮುಚ್ಚುವ ಹೆಬ್ಬೆರಳ ಉಗುರಿನಿಂದ ಮಡಿಕೆಯನ್ನು ಒತ್ತಿ, ಇಪ್ಪತ್ತೈದಕ್ಕೊಂದು ಕಟ್ಟು ಮಾಡಿ ಸಾಲಾಗಿ ಇಟ್ಟಳು. ಹೆಲ್ಮಿ ತಮ್ಮ ಕೆಲಸ ನಿಲ್ಲಿಸಿ ನೋಡುತ್ತಾ ಕೂತುಬಿಟ್ಟರು.

ಅಲ್ಲಿಂದ ಮೊದಲ ಶನಿವಾರವೆಂದರೆ ಅಮ್ಮನಿಗೆ ಹಬ್ಬ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೇಲೊಂದು ದಪ್ಪ ಸ್ವೆಟರ್ ಹಾಕಿಕೊಂಡು ಇಳಿಯುತ್ತಿದ್ದಳು. ಇಬ್ಬರಿಗೂ ಸಮಾನವಾಗಿ ತಿಳಿದಿದ್ದ ಮಾತು ಹತ್ತೋ ಹನ್ನೆರಡೋ. ಹೆಲ್ಮಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರೆ ಅಮ್ಮ ತುಳುವಿನಲ್ಲಿ "ಹೌದಾ, ಮತ್ತೆ?" ಅನ್ನುತ್ತಿದ್ದಳು. ಇಲ್ಲಿಯವರು ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವ ಫೀಕಾದ ಹೊತ್ತಿಗೆ ಕಾಫಿ, ದಾಲ್ಚಿನ್ನಿ ಬನ್ನು, ಅಮ್ಮ ಕೊಂಡೊಯ್ದ ಚಕ್ಕುಲಿ. ನಾರ್‌ಶೋಪಿಂಗ್‌ನಲ್ಲಿ ಬೆಂಗಳೂರು ಕಡೆಯ ಕನ್ನಡದವರು ಕೆಲವರಿದ್ದರು, ಯುಗಾದಿಗೆ ಕರೆಯುತ್ತಿದ್ದರು. ಅಲ್ಲಿ ಅಮ್ಮ ಗೋಡೆಗೊರಗಿ ನಿಲ್ಲುತ್ತಿದ್ದಳು. "ನಿಮ್ ಹಸ್ಬೆಂಡ್ ಯಾವ್ ಕಂಪ್ನಿ?" ಎಂದು ಯಾರಾದರೂ ಕೇಳಿದರೆ ಅಪ್ಪನೇ ನಗುತ್ತಾ "ತಂದೂರಿ ಕಂಪ್ನಿ ಮೇಡಂ, ಇವಳದ್ದು ಬೀಡಿ ಕಂಪ್ನಿ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಆಮೇಲೆ ಮಾತು ಬೇರೆ ಕಡೆ ಹೋಗುತ್ತಿತ್ತು. ಈ ದೇಶದಲ್ಲಿ ಅಮ್ಮನಿಗೆ ಕುರ್ಚಿ ಇದ್ದದ್ದು ಹೆಲ್ಮಿಯ ಮೇಜಿನ ಹತ್ತಿರ ಒಂದೇ.

ಅಲ್ಲಿ ನಾನು ದುಭಾಷಿ. ಹೆಲ್ಮಿ ಅಚ್ಚುಕೂಟದ ಮಗಳು. ಅವರ ಅಪ್ಪ ದ್ವೀಪದ ಒಂದೇ ಪತ್ರಿಕೆಯನ್ನು ನಡೆಸುತ್ತಿದ್ದವರು. ವಾರಕ್ಕೆ ನಾಲ್ಕು ಪುಟ. ದೋಣಿ ಹೊರಡುವ ಹೊತ್ತು, ಗಾಳಿ ಯಾವ ಕಡೆಯಿಂದ, ಮೀನಿನ ಧಾರಣೆ, ಕಳೆದುಹೋದ ಹಸು. ರಷ್ಯದ ಸೈನ್ಯ ಬಂದು ಇಳಿದಾಗ ಮೊದಲು ಮನೆಮನೆಯ ರೇಡಿಯೋ ತೆಗೆದುಕೊಂಡು ಹೋದರಂತೆ, ಆಮೇಲೆ ಪತ್ರಿಕೆಯ ಹೆಸರು ಬದಲಾಯಿಸಿದರಂತೆ. ಮರುವರ್ಷ ಜರ್ಮನರು ಬಂದು ಇನ್ನೊಂದು ಹೆಸರಿಟ್ಟರು. ಅಚ್ಚಿನ ಮೊಳೆಗಳು ಅವೇ, ಯಂತ್ರ ಅದೇ, ಜೋಡಿಸುವ ಕೈಯೂ ಅದೇ. ಇಬ್ಬರೂ ಹವೆಯ ಸುದ್ದಿಯನ್ನು ನಿಷೇಧಿಸಿದರು, ಶತ್ರುವಿನ ವಿಮಾನಕ್ಕೆ ಉಪಯೋಗವಾಗುತ್ತದೆಂದು. ದೋಣಿಯ ಹೊತ್ತನ್ನೂ ನಿಷೇಧಿಸಿದರು. ಸುತ್ತ ನೀರಿರುವ ಜನಕ್ಕೆ ಗಾಳಿ ಮತ್ತು ದೋಣಿ ಬಿಟ್ಟು ಬೇರೆ ಏನು ಸುದ್ದಿ ಬೇಕು? ಉಳಿದದ್ದು ಸೈನ್ಯದ ಗೆಲುವು, ಆಲೂಗಡ್ಡೆ ಸಾರು ಮಾಡುವ ವಿಧಾನ, ಕೊನೆಯ ಪುಟದ ಸಾವಿನ ಸುದ್ದಿ. ಜನ ಪತ್ರಿಕೆಯನ್ನು ಹಿಂದಿನಿಂದ ಓದಲು ಶುರುಮಾಡಿದರು ಎಂದರು ಹೆಲ್ಮಿ. ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಮಡಚುವುದನ್ನು ನಿಲ್ಲಿಸಿ ಕೇಳಿದಳು:

"ಹವೆ ಗೊತ್ತಿಲ್ಲದೆ ಮೀನಿಗೆ ಹೋದವರು?"

ಹೆಲ್ಮಿ ಎದ್ದುಹೋಗಿ ಕಪಾಟಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಆ ಕಾಲದ ನಾಲ್ಕೈದು ಹಾಳೆಗಳು. ಪತ್ರಿಕೆಯೆಂದು ಉಳಿಸಿಕೊಂಡದ್ದಲ್ಲ, ಓಡಿಬರುವಾಗ ಅವರ ತಾಯಿ ಚಮಚ, ಲೋಟ ಸುತ್ತಿಕೊಂಡು ಬಂದ ಹಾಳೆಗಳು. ಅಮ್ಮ ಅವುಗಳ ಸುಕ್ಕುಗಳ ಮೇಲೆ ಅಂಗೈ ಆಡಿಸಿ "ನಮ್ಮ ಸಿಗಡಿ ಕಟ್ಟಿದ ಪೇಪರಿನ ಹಾಗೆಯೇ" ಎಂದಳು. ನನಗೆ ಆ ಭಾಷೆ ಓದಲು ಬರುತ್ತಿರಲಿಲ್ಲ. ಆದರೆ ಮೊದಲ ಪುಟದಲ್ಲಿ ಟೋಪಿ ಹಾಕಿದ ಸೈನ್ಯಾಧಿಕಾರಿಯ ಚಿತ್ರವಿತ್ತು, ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಹೆಸರಿತ್ತು. ಹೆಲ್ಮಿಯ ಮನೆತನದ ಹೆಸರು. ಅವರ ಅಪ್ಪನದು.

ಆ ಚಳಿಗಾಲ ಶಾಲೆಯಲ್ಲಿ ನಮಗೆ ಪತ್ರಿಕೆಗಳ ಬಗ್ಗೆ ಪಾಠವಾಗಿತ್ತು. ಸ್ವೀಡನ್ನಿನಲ್ಲಿ ಪ್ರತಿ ಪತ್ರಿಕೆಯಲ್ಲೂ ಹೊಣೆಗಾರರ ಹೆಸರು ಅಚ್ಚಾಗಿರಬೇಕು. ಒಳಗೆ ಯಾರು ಏನೇ ಬರೆದರೂ ಜವಾಬ್ದಾರಿ ಆ ಒಬ್ಬರದು. ಟೀಚರ್ ಇದನ್ನು ಹೇಳಿದಾಗ ನನಗೆ ಬಹಳ ಇಷ್ಟವಾಯಿತು, ಎಷ್ಟು ಚೊಕ್ಕ ನಿಯಮ. ಅದೇ ತಿಂಗಳು ನಾರ್‌ಶೋಪಿಂಗ್‌ನ ಪತ್ರಿಕೆಯವರು ಮಕ್ಕಳಿಗೆ 'ನನ್ನ ನೆರೆಯವರು' ಎಂಬ ವಿಷಯದ ಮೇಲೆ ಪ್ರಬಂಧ ಕೇಳಿದರು. ನಾನು ಹೆಲ್ಮಿಯ ಬಗ್ಗೆ ಬರೆದೆ. ಮೀನಿನ ವಿಷಯ, ಮೊದಲ ಶನಿವಾರಗಳ ವಿಷಯ ಬರೆದೆ. ಆಮೇಲೆ ಅವರ ಅಪ್ಪನ ಬಗ್ಗೆ ಬರೆದೆ. ದ್ವೀಪವನ್ನು ಹಿಡಿದ ಸೈನ್ಯದ ಪತ್ರಿಕೆಯ ಅಡಿಯಲ್ಲಿ ಅವರ ಹೆಸರಿತ್ತು, ಹೆಸರಿದ್ದವರೇ ಹೊಣೆ, ಆದ್ದರಿಂದ ತನ್ನ ಜನರಿಗೆ ಸುಳ್ಳು ಹೇಳಿದವರು ಅವರೇ, ಮಗಳು ಈಗ ತರುವ ಪತ್ರಿಕೆಯಲ್ಲಿ ಆ ವಿಷಯ ಒಮ್ಮೆಯೂ ಬಂದಿಲ್ಲ, ಎಂದು ಬರೆದೆ. ಒಂದು ಮಾತು ಹೆಲ್ಮಿಯನ್ನು ಕೇಳಬಹುದಿತ್ತು. ಹದಿನಾಲ್ಕು ಮೆಟ್ಟಿಲು ಇಳಿದರೆ ಸಾಕಿತ್ತು. ಕೇಳಿದರೆ ಪ್ರಬಂಧ ಕೆಟ್ಟುಹೋಗುತ್ತದೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಟೀಚರ್ ಓದಿ "ಧೈರ್ಯದ ಬರಹ" ಎಂದರು. ಆ ಮಾತು ನನಗೆ ಜ್ವರದ ಹಾಗೆ ಏರಿತು.

ಪ್ರಬಂಧ ನನ್ನ ಫೋಟೋದೊಂದಿಗೆ ಅಚ್ಚಾಯಿತು. ಮನೆತನದಲ್ಲಿ ಮೊದಲ ಬಾರಿಗೆ ಒಬ್ಬರ ಹೆಸರು ಪೇಪರಿನಲ್ಲಿ. ಅಪ್ಪ ಕೆಲಸದ ಜಾಗದಲ್ಲಿ ಆ ಪುಟವನ್ನು ತಂದೂರಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದನಂತೆ. ಅಮ್ಮ ಕಡಲೆಬೇಳೆ ಪಾಯಸ ಮಾಡಿದಳು. ಏಲಕ್ಕಿ ಕುಟ್ಟುತ್ತಾ ಹೇಳಿದಳು:

"ಹೆಲ್ಮಿಯಮ್ಮನಿಗೆ ಮೊದಲು ತೋರಿಸ್ಬೇಕು. ಅವರಲ್ವಾ ಪೇಪರಿನವರು. ಅವರ ಮನೆಯಲ್ಲಿ ಕೂತು ಕೂತೇ ನಿನಗೆ ಬರೀಲಿಕ್ಕೆ ಬಂದದ್ದು."

"ಬೇಡ ಅಮ್ಮ. ಅವರು ಓದಿರ್ತಾರೆ."

"ಓದಿದ್ರೆ ಎಂತ? ನಾವು ಕೊಡುದು ಬೇರೆ ಅಲ್ವಾ? ನೀನು ನಾಚ್ಕೊಳ್ಬೇಡ, ನಾನು ಹೋಗ್ತೇನೆ."

ನಾನು ಅಡ್ಡ ನಿಲ್ಲಲಿಲ್ಲ. ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು ಕೇಳಿಸಿಕೊಂಡೆ. ಅಮ್ಮನ ಒಂದು ಕೈಯಲ್ಲಿ ಪಾಯಸದ ಬಟ್ಟಲು, ಕಂಕುಳಲ್ಲಿ ಪತ್ರಿಕೆ. ಬಾಗಿಲು ತೆರೆದ ಸದ್ದು. "ನೋಡಿ ಹೆಲ್ಮಿಯಮ್ಮ, ನಮ್ಮ ಹುಡುಗಿ! ನಮ್ಮ ಹುಡುಗಿ!" ಎಂಬ ಅಮ್ಮನ ಧ್ವನಿ. ಕನ್ನಡಕಕ್ಕಾಗಿ ಒಳಗೆ ಹೋಗಿ ಬಂದ ಹೆಜ್ಜೆ. ಆಮೇಲೆ ಹಾಳೆ ಬಿಡಿಸಿದ ಸದ್ದು. ಅವರು ನಿಂತಲ್ಲೇ ಪೂರ್ತಿ ಓದಿದರೆಂದು ಕಾಣುತ್ತದೆ, ಅಮ್ಮ ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದಿರಬೇಕು. ಮೇಲೆ ಬಂದವಳ ಕಣ್ಣೂ ಒದ್ದೆಯಾಗಿತ್ತು.

"ಪಾಪ, ಖುಷಿಗೆ ಅತ್ತೇಬಿಟ್ರು," ಎಂದಳು.

ಮರುದಿನ ಬೆಳಿಗ್ಗೆ ಅಪ್ಪನಿಗೆ ರಜೆ. ಇಬ್ಬರೂ ನನ್ನ ಮುಂದೆ ಕೂತರು. "ಓದು, ನೋಡುವ. ಹೆಲ್ಮಿಯಮ್ಮ ಅಳುವಷ್ಟು ಎಂತ ಬರೆದಿದ್ದಿ?" ನಾನು ಪುಟ ಬಿಡಿಸಿ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದೆ. ಹೆಲ್ಮಿಯ ಅಪ್ಪ ಒಳ್ಳೆಯವರಾಗಿದ್ದರು, ಸೈನ್ಯ ಬಂದರೂ ಹೆದರದೆ ಪತ್ರಿಕೆ ನಡೆಸಿದರು, ದ್ವೀಪದ ಜನ ಅವರನ್ನು ಇಂದಿಗೂ ನೆನೆಯುತ್ತಾರೆ. ಸಾಲು ಬದಲಾದಂತೆ ಕಣ್ಣನ್ನೂ ಸರಿಯಾಗಿ ಹೊರಳಿಸುತ್ತಿದ್ದೆ. ಅಪ್ಪ ತಲೆದೂಗಿದ. ವಾರದ ಮೇಲೆ ಅಮ್ಮ ಇನ್ನೊಮ್ಮೆ ಓದಿಸಿದಳು. ಮುಗಿದಾಗ ಹೇಳಿದಳು:

"ಅವತ್ತು ಬೇರೆ ಓದಿದ ಹಾಗಿತ್ತಲ್ಲ. ಜನ ನೆನೆಸ್ತಾರೆ ಅಂತ ಕೊನೆಗೆ ಇತ್ತು. ಈಗ ನಡುವೆ ಬಂತು."

"ನಿನಗೆ ಮರ್ತುಹೋಗಿದೆ ಅಮ್ಮ."

ಅಕ್ಷರ ತಿಳಿಯದವರಿಗೆ ಕೇಳಿದ್ದು ಮರೆಯುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಅಮ್ಮ ಮಾತ್ರ ತನ್ನ ಕಿವಿಯನ್ನೇ ಅನುಮಾನಿಸಿದಳು.

ಮೊದಲ ಶನಿವಾರ ಬಂತು. ಅಮ್ಮ ಸೀರೆ ಉಟ್ಟು ಇಳಿದವಳು ಐದು ನಿಮಿಷದಲ್ಲಿ ಹಿಂದೆ ಬಂದಳು. ಹೆಲ್ಮಿ ಬಾಗಿಲನ್ನು ಅರ್ಧ ತೆರೆದು "ಇವತ್ತು ಬೇಡ, ಥ್ಯಾಂಕ್ಸ್" ಎಂದಿದ್ದರು. ಅಷ್ಟು ಸ್ವೀಡಿಷ್ ಅಮ್ಮನಿಗೆ ತಿಳಿಯುತ್ತಿತ್ತು. ಸೀರೆ ಬದಲಾಯಿಸದೆ ಕಿಟಕಿಯ ಬಳಿ ಕೂತಳು. ಪಾಯಸದಲ್ಲಿ ಹಾಲು ಒಡೆದಿತ್ತಾ, ಬಟ್ಟಲಲ್ಲಿ ಕೂದಲು ಇತ್ತಾ, ಒಂದೊಂದಾಗಿ ಎಣಿಸಿದಳು. ಊರಿನಲ್ಲಿ ಬೀಡಿ ಕಂಟ್ರಾಕ್ಟರನ ಜಗಲಿಯ ಕೆಳಗೆ ನಿಂತು ಕಟ್ಟು ಕೊಡಬೇಕಿತ್ತು. ಅವನು ಬೆರಳಲ್ಲಿ ಹಿಸುಕಿ ನೋಡಿ ಬೇಡವಾದದ್ದನ್ನು ಅಂಗಳಕ್ಕೆ ಎಸೆಯುತ್ತಿದ್ದ. ಯಾಕೆ ಎಂದು ಕೇಳುವಂತಿರಲಿಲ್ಲ.

"ನಾನು ಮಡಚಿದ್ದು ಸರಿ ಇರ್ಲಿಲ್ವೋ ಏನೋ. ರಿಜೆಕ್ಟ್ ಆಯ್ತು ಅಂತ ಕಾಣ್ತದೆ," ಎಂದಳು. ಸೀರೆಯ ನೆರಿಗೆ ನೀವುತ್ತಾ: "ಇಷ್ಟು ದೂರ ಬಂದೂ ಜಗಲಿಯ ಕೆಳಗೇ ನಿಲ್ಲುದಾ?"

ಆ ಮಾತು ಕೇಳಿದ ಮೇಲೆ ನನಗೆ ಮನೆಯಲ್ಲಿ ಇರಲಾಗಲಿಲ್ಲ. ಕೆಳಗೆ ಹೋಗಿ ಬಾಗಿಲು ಬಡಿದೆ. ಹೆಲ್ಮಿ ನನ್ನನ್ನು ಒಳಗೆ ಬಿಟ್ಟರು, ಮತ್ತೆ ಮೇಜಿಗೆ ಹೋಗಿ ಕೂತು ಮಡಚತೊಡಗಿದರು. ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ನಾನು ಮಾಡಿದ್ದೇನೆಂದು ಹೇಳಲು ಬಾಯಿ ತೆರೆದೆ, ಅವರೇ ಮೊದಲು ಮಾತಾಡಿದರು. ಸಿಟ್ಟಿನ ಧ್ವನಿಯಲ್ಲ.

"ಸೈನ್ಯ ಹೊರಡಿಸಿದ ಮೊದಲ ಆಜ್ಞೆ ಅದೇ. ಪ್ರತಿ ಹಾಳೆಯಲ್ಲೂ ಅಚ್ಚು ಮಾಡಿದವನ ಹೆಸರಿರಬೇಕು. ಯಾಕೆ ಗೊತ್ತಾ? ಒಂದು ಸಾಲು ಹೆಚ್ಚುಕಮ್ಮಿಯಾದರೆ ಯಾವ ಮನೆಯ ಬಾಗಿಲು ಒದೀಬೇಕು ಅಂತ ತಿಳೀಬೇಕಲ್ಲ. ಅಪ್ಪ ಪ್ರತಿ ವಾರ ಮೊದಲು ಆ ಸಾಲನ್ನು ಜೋಡಿಸುತ್ತಿದ್ದರು. ತನ್ನ ಹೆಸರನ್ನ. ಆಮೇಲೆ ಉಳಿದದ್ದು."

"ನನಗೆ ಗೊತ್ತಿರಲಿಲ್ಲ ಹೆಲ್ಮಿ."

"ನಾವು ದೋಣಿ ಹತ್ತಿದಾಗ ಅಪ್ಪ ಬರಲಿಲ್ಲ. ಮೊಳೆಗಳನ್ನು ಬಿಟ್ಟು ಹೇಗೆ ಬರಲಿ ಅಂದರು. ರಷ್ಯದವರು ಮತ್ತೆ ಬಂದರು. ಜರ್ಮನರ ಪತ್ರಿಕೆ ಅಚ್ಚು ಮಾಡಿದ್ದು ಯಾರು ಅಂತ ಹುಡುಕುವ ಕಷ್ಟವೇ ಇರಲಿಲ್ಲ ಅವರಿಗೆ. ಹೆಸರು ಅಲ್ಲೇ ಇತ್ತು. ಆಮೇಲೆ ಓಡಿಬಂದವರು ಹೇಳಿದರು, ಆ ಹಾಳೆಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದು ಕರೆದುಕೊಂಡು ಹೋದರಂತೆ. ಅವರಿಗೂ ಆ ಒಂದು ಸಾಲು ಸಾಕಾಯಿತು. ನಿನಗೂ ಸಾಕಾಯಿತು."

ನಾನು ಅಳುತ್ತಾ, ಅವರ ಅಪ್ಪ ಗುಟ್ಟಾಗಿ ಏನಾದರೂ ಅಚ್ಚು ಮಾಡಿ ಹಂಚಿದ್ದರೇ ಎಂದು ಕೇಳಿದೆ. ಹೌದು ಎಂದರೆ ಅದನ್ನೇ ಬರೆದು ಎಲ್ಲವನ್ನೂ ಸರಿಮಾಡಿಬಿಡಬಹುದು ಎಂಬ ಆಸೆ.

"ಇಲ್ಲ. ಸೈನ್ಯದವರು ಹೇಳಿದ್ದನ್ನೇ ಅಪ್ಪ ಅಚ್ಚು ಮಾಡಿದರು. ಮನೆಯಲ್ಲಿ ನಾನಿದ್ದೆ, ಅಮ್ಮ ಇದ್ದಳು. ಹವೆಯ ಸುದ್ದಿ ಇಲ್ಲದೆ ಕಡಲಿಗೆ ಹೋಗಿ ಮುಳುಗಿದವರ ಹೆಸರನ್ನು ಕೊನೆಯ ಪುಟದಲ್ಲಿ ಅವರೇ ಜೋಡಿಸಿದರು. ಹೇಗೆ ಸತ್ತರು ಅಂತ ಹಾಕುವ ಹಾಗಿರಲಿಲ್ಲ, ಹಾಕಲಿಲ್ಲ. ಅಪ್ಪ ಒಳ್ಳೆಯವರಾ ಕೆಟ್ಟವರಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಮಗು. ಅದಕ್ಕೇ ಇಷ್ಟು ವರ್ಷ ನನ್ನ ಪತ್ರಿಕೆಯಲ್ಲಿ ಒಂದಕ್ಷರ ಬರೆಯಲಿಲ್ಲ. ನೀನು ಒಂದೇ ಪುಟದಲ್ಲಿ ಬರೆದು ಮುಗಿಸಿದೆ."

"ನಾನು ಪತ್ರಿಕೆಗೆ ತಿದ್ದುಪಡಿ ಕಳಿಸ್ತೇನೆ."

"ಏನು ತಿದ್ದುತ್ತೀಯ? ಹೆಸರು ಇದ್ದದ್ದು ನಿಜ ತಾನೆ? ಸೈನ್ಯದ ಪತ್ರಿಕೆಯಲ್ಲಿ ಅಷ್ಟೂ ವರ್ಷ ಒಂದೇ ಒಂದು ತಿದ್ದುಪಡಿ ಬರಲಿಲ್ಲ. ಸೈನ್ಯಕ್ಕೆ ತಪ್ಪಾಗುವುದೇ ಇಲ್ಲ ನೋಡು." ಮಡಚಿದ ಹಾಳೆಯನ್ನು ಬಿಡಿಸಿ ಮತ್ತೆ ಮಡಚಿದರು. "ಒಂದು ಮಾತು ಹೇಳು. ಗುಲಾಬಿಗೆ ಗೊತ್ತಾ, ಅವಳು ನನಗೆ ತಂದುಕೊಟ್ಟದ್ದು ಏನು ಅಂತ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದರೆ ಅವಳಿಗೆ ಓದಿ ಹೇಳು. ಬರೆದದ್ದನ್ನೇ. ಅವಳು ಎದುರಿಗೆ ಬಂದು ನಕ್ಕರೆ ನನಗೆ ನೋಡಲಾಗುವುದಿಲ್ಲ. ಓದಿ ಹೇಳಿದ ಮೇಲೆ ಇಬ್ಬರೂ ಬನ್ನಿ, ಕಾಫಿ ಮಾಡುತ್ತೇನೆ."

ಇಷ್ಟೇ ಅವರು ಕೇಳಿದ್ದು. ನಾನು ಆ ದಿನ ಹೇಳಲಿಲ್ಲ. ಮರುದಿನ ಹೇಳಲಿಲ್ಲ. ಒಂದು ಶನಿವಾರ ಹೋಯಿತು, ಇನ್ನೊಂದು ಹೋಯಿತು. ಅಮ್ಮ ಬೆಳಿಗ್ಗೆ ಎದ್ದು ಹೆಲ್ಮಿಯ ಬಾಗಿಲ ಮುಂದಿನ ಹಿಮವನ್ನೂ ಗೋರಿ ತೆಗೆಯುತ್ತಿದ್ದಳು. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದಳು. ಹೆಲ್ಮಿ ನನ್ನ ಮುಖ ನೋಡುತ್ತಿದ್ದರು, ಹೇಳಿದೆಯಾ ಎಂದು. ನಾನು ಕಣ್ಣು ತಪ್ಪಿಸುತ್ತಿದ್ದೆ. ಅಮ್ಮ ಮೀನು ತರುವುದನ್ನು ಬಿಟ್ಟಳು. "ವಾಸನೆಗೆ ಬೇಜಾರಾಗಿರ್ಬಹುದು ಅವರಿಗೆ. ಬಾಯಿಬಿಟ್ಟು ಹೇಳುದು ಹೇಗೆ, ಪಾಪ." ಅಪ್ಪನಿಗೆ ಏನೋ ಹೊಳೆದಿತ್ತೆಂದು ಕಾಣುತ್ತದೆ. ಒಂದು ಬೆಳಿಗ್ಗೆ ಚಾ ಕುಡಿಯುತ್ತಾ "ನೀನು ಬರೆದದ್ದರಲ್ಲಿ ಎಂತಾದ್ರೂ ಉಂಟಾ ಮಗಳೇ?" ಎಂದು ಕೇಳಿದ. ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಮನೆಯಲ್ಲಿ ಓದಬಲ್ಲವಳು ನಾನೊಬ್ಬಳೇ. ನಾನು ಇಲ್ಲ ಅಂದದ್ದು ಇಲ್ಲ, ಉಂಟು ಅಂದದ್ದು ಉಂಟು.

ಚಳಿಗಾಲದ ಕೊನೆಗೆ ಹೆಲ್ಮಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ, ಊರಿನ ಆಚೆ ತುದಿಯ ವೃದ್ಧಾಶ್ರಮಕ್ಕೆ ಹೋದರು. ಅವರ ಸಂಬಂಧಿಕನೊಬ್ಬ ಬಂದು ಮನೆ ಮಾರುವ ವಿಷಯ ತಿಳಿಸಿದ. ಆ ಮಧ್ಯಾಹ್ನ ಅಮ್ಮ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದಳು:

"ಹೋಗುವ ಮೊದಲು ಹೆಲ್ಮಿಯಮ್ಮನ ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಹೇಳ್ತೇನೆ. ಎಂತ ತಪ್ಪು ಅಂತ ನನಗೆ ಗೊತ್ತಿಲ್ಲ. ನೀನು ಜೊತೆಗೆ ಬಂದು ಕೇಳಿ, ನನಗೆ ತಿಳಿಯುವ ಹಾಗೆ ಹೇಳು. ಎಂತ ಇದ್ರೂ ಸರಿ, ಮುಚ್ಚಿಡ್ಬೇಡ."

ನಾನು ಎದ್ದು ಆ ಪುಟವನ್ನು ತಂದೆ. ನಿಂತುಕೊಂಡೇ ಓದಿದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಬರೆದದ್ದನ್ನು ಬರೆದ ಹಾಗೆ. ಹೆಲ್ಮಿ ಹೇಳಿದ್ದನ್ನೂ ಹೇಳಿದೆ. ಅಮ್ಮ ಕೈಯಲ್ಲಿದ್ದ ತಾಟನ್ನು ಸುತ್ತುವುದೂ ಇಲ್ಲ, ಕೆಳಗಿಡುವುದೂ ಇಲ್ಲ.

"ಪೂರ್ತಿ ಓದಿದ್ಯಾ?"

"ಹೌದು."

"ಎಂತದೂ ಬಿಡ್ಲಿಲ್ಲ ಅಲ್ವಾ?"

"ಇಲ್ಲ ಅಮ್ಮ."

"ಇದನ್ನು ನಾನೇ ಕೈಯಾರೆ ಕೊಟ್ಟು ಬಂದದ್ದು. ಪಾಯಸದ ಜೊತೆ. ಅವರು ಅಳುವಾಗ ನಾನು ನಗ್ತಾ ನಿಂತಿದ್ದೆ."

ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ವೃದ್ಧಾಶ್ರಮದ ವಿಳಾಸದ ಚೀಟಿಯನ್ನು ಅಪ್ಪನಿಂದ ಕೇಳಿ ಇಸಿದುಕೊಂಡಳು. ಅದುವರೆಗೆ ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ. ನಾನು ಕೋಟು ಹಾಕಿಕೊಳ್ಳತೊಡಗಿದೆ.

"ನಾನೂ ಬರ್ತೇನೆ. ನಿನಗೆ ಅವರ ಮಾತು ತಿಳಿಯುದಿಲ್ಲ."

"ತಿಳಿದವಳು ಮಾಡಿದ್ದು ಸಾಕು," ಎಂದಳು. ಹೋದಳು.

ಚಾಲಕನಿಗೆ ಚೀಟಿ ತೋರಿಸಿ ಹೋದಳಂತೆ, ತಪ್ಪಿ ಇಳಿದು ಒಂದು ನಿಲ್ದಾಣ ನಡೆದಳಂತೆ. ಇಷ್ಟು ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಲ್ಲಿ ಏನಾಯಿತು, ಹತ್ತು ಹನ್ನೆರಡು ಮಾತಿನಲ್ಲಿ ಇಬ್ಬರೂ ಏನು ಹೇಳಿಕೊಂಡರು, ಅದನ್ನು ನನ್ನ ಹತ್ತಿರ ಅವಳು ಎಂದೂ ಹೇಳಲಿಲ್ಲ. ಆಮೇಲೆ ನಾವು ಮೂರನೆಯ ಮಹಡಿಯ ಒಂದು ಫ್ಲ್ಯಾಟಿಗೆ ಹೋದೆವು. ಅಮ್ಮ ಪುರಸಭೆ ನಡೆಸುವ, ವಲಸೆ ಬಂದವರಿಗೆ ಅಕ್ಷರದಿಂದ ಹಿಡಿದು ಸ್ವೀಡಿಷ್ ಕಲಿಸುವ ತರಗತಿಗೆ ಸೇರಿದಳು. ನನ್ನ ಹಳೆಯ ಪೆನ್ಸಿಲ್ ಡಬ್ಬಿ ಕೇಳಲಿಲ್ಲ, ಹೊಸದು ಕೊಂಡಳು. ಮನೆಗೆ ಬಂದ ಕಾಗದಗಳನ್ನು ತನ್ನ ಚೀಲದಲ್ಲಿಟ್ಟು ತರಗತಿಗೆ ಒಯ್ದು ಅಲ್ಲಿ ಓದಿಸಿಕೊಂಡು ಬರುತ್ತಿದ್ದಳು. ಊಟ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದಳು. "ಓದು, ನೋಡುವ" ಎಂಬ ಮಾತನ್ನು ಮಾತ್ರ ಮತ್ತೆ ನಾನು ಅವಳ ಬಾಯಿಂದ ಕೇಳಲಿಲ್ಲ. ಮುಂದೆ ನಾನು ಪಾಸು ಮಾಡಿದ ಪರೀಕ್ಷೆಗಳ ಪಟ್ಟಿ ಉದ್ದವಿದೆ. ಒಂದೊಂದು ಪ್ರಮಾಣಪತ್ರವನ್ನೂ ಅಮ್ಮನ ಮುಂದೆ ಹಿಡಿದು, ಓದಿ ಹೇಳಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಬೇಸಿಗೆಯ ಕೊನೆಗೆ ಅಮ್ಮನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಹೆಲ್ಮಿಯ ಪತ್ರಿಕೆ, ವೃದ್ಧಾಶ್ರಮದಿಂದಲೇ ಹೊರತಂದದ್ದು, ಕೊನೆಯ ಸಂಚಿಕೆ. ಎಂಟು ಪುಟವಲ್ಲ, ಒಂದೇ ಹಾಳೆ. ನಾನು ಕೈ ಚಾಚಿದೆ, ಅಮ್ಮ ಕೊಡಲಿಲ್ಲ. ಹತ್ತು ಹದಿನೈದು ದಿನ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು, ಬೆರಳಿಟ್ಟು, ತುಟಿಯಲ್ಲಿ ಗುಣುಗುಣಿಸಿ ಓದಿದಳು. ಒಂದು ಸಂಜೆ ನನ್ನನ್ನು ಕರೆದು ಎದುರಿಗೆ ಕೂರಿಸಿದಳು. ಹಾಳೆಯ ಸ್ವೀಡಿಷ್ ಬದಿಯನ್ನು ಜೋರಾಗಿ ಓದಿದಳು. ಉಚ್ಚಾರ ಬೀಡಿ ಕಟ್ಟುವ ಊರಿನದು, ಆದರೆ ಒಂದಕ್ಷರ ತಪ್ಪಲಿಲ್ಲ: ನನ್ನ ಅಪ್ಪ ನಮ್ಮ ದ್ವೀಪದ ಪತ್ರಿಕೆಯ ಮೊಳೆ ಜೋಡಿಸುತ್ತಿದ್ದರು. ಮೊದಲು ನಮ್ಮವರಿಗೆ, ಆಮೇಲೆ ರಷ್ಯದವರಿಗೆ, ಆಮೇಲೆ ಜರ್ಮನರಿಗೆ. ಅವರನ್ನು ಕರೆದೊಯ್ದ ಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಹವೆಯ ಸುದ್ದಿಯಿಲ್ಲದೆ ಮುಳುಗಿದವರ ಹೆಸರುಗಳು ಕೆಳಗಿವೆ. ಆಮೇಲೆ ಹೆಸರುಗಳು. ಅವನ್ನೂ ಒಂದೊಂದಾಗಿ, ಎಲ್ಲೂ ಅವಸರ ಮಾಡದೆ ಓದಿದಳು.

ಹೆಸರುಗಳ ಕೆಳಗೆ ಖಾಲಿ ಜಾಗದಲ್ಲಿ ನಡುಗುವ ಕೈಯ ಮೂರು ಸಾಲು ಬರಹವಿತ್ತು, ನೀಲಿ ಶಾಯಿಯಲ್ಲಿ. ಅಮ್ಮ ಅಲ್ಲಿಗೆ ಬರುತ್ತಲೇ ಹಾಳೆಯನ್ನು ಮಡಚಿ ಉಗುರಿನಿಂದ ಒತ್ತಿದಳು.

"ಇನ್ನೂ ಉಂಟಲ್ಲ ಅಮ್ಮ?"

"ಉಂಟು," ಎಂದಳು. "ಅದು ನನಗೆ ಬರೆದದ್ದು."